‘ಜ್ಯೋತಿ’ ಆಲ್ಬಂನಲ್ಲಿ ಚಾರ್ಲಿ ಮರಿಯಾನೊ ನಾಗಸ್ವರ ಯಾಕೆ ಊದಲಿಲ್ಲ?

ತಂಬೂರಿತಂತಿ (ಬೆಂಗಳೂರು)

ಜಾಝ್ ಎಂದ ಕೂಡಲೇ ಇಲ್ಲಿ ಮಾತು ಮೈಲ್ಸ್ ಡೇವಿಸ್, ಕೋಲ್ಟ್ರೇನ್ ಸುತ್ತಲೇ ಗಿರಕಿ ಹೊಡೆಯುತ್ತದೆ. ನನಗೆ ಬೇರೊಬ್ಬರ ಬಗ್ಗೆ ಕೇಳಬೇಕಿದೆ. ಚಾರ್ಲಿ ಮರಿಯಾನೊ. ಬೆಂಗಳೂರಿನ ಕಲಾವಿದರ ಜೊತೆ ಇಡೀ ಆಲ್ಬಂ ಮಾಡಿದ ಮನುಷ್ಯ, ಆದರೆ ಬೆಂಗಳೂರಲ್ಲೇ ಹೆಸರು ಹೇಳಿದರೆ ‘ಯಾರು ಅವರು’ ಅನ್ನುತ್ತಾರೆ.

ಹುಟ್ಟಿದ್ದು 1923ರಲ್ಲಿ, ಅಮೆರಿಕದ ಬಾಸ್ಟನ್‌ನಲ್ಲಿ, ಇಟಲಿಯಿಂದ ವಲಸೆ ಬಂದವರ ಮನೆಯಲ್ಲಿ. ಪೂರ್ತಿ ಹೆಸರು ಕಾರ್ಮಿನೆ ಉಗೊ ಮರಿಯಾನೊ. ವಾದ್ಯ ಆಲ್ಟೊ ಸ್ಯಾಕ್ಸೋಫೋನ್. ಎರಡನೇ ಮಹಾಯುದ್ಧದ ಹೊತ್ತಿಗೆ ಸೇನೆಯ ಬ್ಯಾಂಡಿನಲ್ಲಿ ಊದುತ್ತಿದ್ದರು. ಆಲ್ಟೊ ವಾದಕ ಚಾರ್ಲಿ ಪಾರ್ಕರ್‌ನನ್ನು ಕೇಳಿ ತಲೆ ಕೆಡಿಸಿಕೊಂಡ ತಲೆಮಾರು ಅದು, ಇವರೂ ಹೊರತಲ್ಲ. 1953ರಲ್ಲಿ ಸ್ಟಾನ್ ಕೆಂಟನ್ ಬ್ಯಾಂಡ್ ಸೇರಿದರು. ಆಮೇಲೆ ಲಾಸ್ ಏಂಜಲೀಸ್‌ನಲ್ಲಿ ಡ್ರಮ್ಮರ್ ಶೆಲಿ ಮ್ಯಾನ್ ಜೊತೆ ಕೆಲವು ವರ್ಷ. ಬಾಸ್ಟನ್‌ಗೆ ಮರಳಿ ಬರ್ಕ್ಲಿ ಸಂಗೀತ ಶಾಲೆಯಲ್ಲಿ ಪಾಠ ಹೇಳಿದರು. 1959ರಲ್ಲಿ ಪಿಯಾನೊ ವಾದಕಿ ತೊಶಿಕೊ ಅಕಿಯೋಶಿ ಅವರೊಡನೆ ಮದುವೆ, ಇಬ್ಬರ ಹೆಸರಲ್ಲಿ ಒಂದು ಕ್ವಾರ್ಟೆಟ್ (ನಾಲ್ವರ ತಂಡ), ಜಪಾನ್ ವಾಸ. ಇಷ್ಟಕ್ಕೇ ನಿಂತಿದ್ದರೂ ಜಾಝ್ ಚರಿತ್ರೆಯಲ್ಲಿ ಒಂದು ಗೌರವದ ಪ್ಯಾರಾ ಸಿಗುತ್ತಿತ್ತು.

ಅಲ್ಲಿಗೆ ನಿಲ್ಲಲಿಲ್ಲ. 1960ರ ದಶಕದ ನಡುವೆ ಅಮೆರಿಕ ಸರ್ಕಾರ ಅವರನ್ನು ಮಲೇಷ್ಯಾ ರೇಡಿಯೋ ಆರ್ಕೆಸ್ಟ್ರಾಗೆ ತರಬೇತಿ ಕೊಡಲು ಕೌಲಾಲಂಪುರಕ್ಕೆ ಕಳಿಸಿತು. ಅಲ್ಲಿಯ ತಮಿಳರ ದೇವಸ್ಥಾನಗಳಲ್ಲಿ ನಾಗಸ್ವರ ಕಿವಿಗೆ ಬಿತ್ತು. ಕಲಿಸಲು ಹೋದವರು ಕಲಿಯಲು ಕೂತರು. ವಯಸ್ಸು ನಲವತ್ತು ದಾಟಿತ್ತು. ಆಮೇಲೆ ದಕ್ಷಿಣ ಭಾರತದ ಹಳ್ಳಿಯೊಂದಕ್ಕೇ ಬಂದು ಉಳಿದು ಅಭ್ಯಾಸ ಮುಂದುವರಿಸಿದರು.

1971ರ ಹೊತ್ತಿಗೆ ಯುರೋಪಿಗೆ ಹೋದವರು ಅಲ್ಲಿಯವರೇ ಆಗಿಬಿಟ್ಟರು. ಜರ್ಮನಿಯ ಬಾಸ್ ವಾದಕ ಎಬರ್‌ಹಾರ್ಡ್ ವೆಬರ್ ಅವರ ‘ಯೆಲ್ಲೊ ಫೀಲ್ಡ್ಸ್’ 1975ರಲ್ಲಿ ಲುಡ್ವಿಗ್ಸ್‌ಬರ್ಗ್‌ನ ಬವರ್ ಸ್ಟುಡಿಯೋದಲ್ಲಿ ಮುದ್ರಣವಾಯಿತು. ಅದರಲ್ಲಿ ಮರಿಯಾನೊ ಹೆಸರಿನ ಮುಂದೆ ಏನಿದೆ ನೋಡಿ: ಸೊಪ್ರಾನೊ ಸ್ಯಾಕ್ಸೋಫೋನ್, ಶಹನಾಯಿ, ನಾಗಸ್ವರಂ.

ಈಗ 1983ಕ್ಕೆ ಬನ್ನಿ. ‘ಯೆಲ್ಲೊ ಫೀಲ್ಡ್ಸ್’ ತಂದ ಅದೇ ಇಸಿಎಂ ರೆಕಾರ್ಡ್ ಕಂಪನಿ. ‘ಜ್ಯೋತಿ’. ಜೊತೆಗಿರುವವರು ನಮ್ಮ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್. ಆರ್.ಎ. ರಮಾಮಣಿ ಗಾಯನ, ಟಿ.ಎ.ಎಸ್. ಮಣಿ ಮೃದಂಗ, ಆರ್.ಎ. ರಾಜಗೋಪಾಲ್ ಘಟ ಮತ್ತು ಮೋರ್ಸಿಂಗ್, ಟಿ.ಎನ್. ಶಶಿಕುಮಾರ್ ಖಂಜಿರ. ಮರಿಯಾನೊ ಮುಂದೆ ಬರೆದಿರುವುದು ಸೊಪ್ರಾನೊ, ಆಲ್ಟೊ, ಕೊಳಲು. ನಾಗಸ್ವರ ಇಲ್ಲ!

ಜರ್ಮನರ ನಡುವೆ ನಾಗಸ್ವರ, ಬೆಂಗಳೂರಿನವರ ನಡುವೆ ಸ್ಯಾಕ್ಸೋಫೋನ್. ಯಾಕೆ? ನನಗೊಂದು ಊಹೆ ಇದೆ, ಮೊದಲು ನಿಮ್ಮದು ಹೇಳಿ.

ಹುಬ್ಬಳ್ಳಿಕಿವಿ

ಯಾಕಂದ್ರ ನಾಗಸ್ವರ ಗೊತ್ತಿದ್ದವರ ಮುಂದ ನಾಗಸ್ವರ ಊದೂದು ಕಷ್ಟ ಐತ್ರಿ, ಅದಕ್ಕ. ಜರ್ಮನಿಯೊಳಗ ಯಾರ್ ತಪ್ಪು ಹಿಡೀತಾರ? ಸಿಟ್ಟಾಗಬ್ಯಾಡ್ರಿ, ನೇರ ಹೇಳ್ತೀನಿ. ಈ ‘ಬಹುವಾದ್ಯ ಪ್ರವೀಣ’ ಅನ್ನೋ ಬಿರುದಿನ ಮ್ಯಾಲೆ ನನಗ ಮೊದಲಿಂದಲೂ ಅನುಮಾನ. ಒಂದು ವಾದ್ಯಕ್ಕ ಒಂದು ಜನ್ಮ ಸಾಲೂದಿಲ್ಲ ಅಂತ ನಮ್ಮ ಕಡೆ ಹಿರೇರು ಹೇಳ್ತಾರ. ಕಿರಾಣಾ ಘರಾಣೆದವರು ಒಂದು ಷಡ್ಜಕ್ಕ ವರ್ಷಗಟ್ಟಲೆ ಕುಂಡ್ರತಿದ್ರು. ಇವರು ನಾಲ್ಕು ತಿಂಗಳು ಹಳ್ಯಾಗಿದ್ದು ಬಂದು ಕವರ್ ಮ್ಯಾಲೆ ವಾದ್ಯದ ಹೆಸರು ಹಾಕ್ಕೊಂಡ್ರ ಅದು ವಿದ್ಯಾ ಆಗತೈತೇನ್ರಿ?

ಖರೇ ಬಹುವಾದ್ಯದವ ಅಂದ್ರ ಎರಿಕ್ ಡಾಲ್ಫಿ. ಆಲ್ಟೊ, ಕೊಳಲು, ಬಾಸ್ ಕ್ಲಾರಿನೆಟ್ ಮೂರೂ. ಮೂರರೊಳಗೂ ಬ್ಯಾರೆ ಬ್ಯಾರೆ ಮನಷ್ಯಾ ಮಾತಾಡಿದಂಗ. ಬಾಸ್ ಕ್ಲಾರಿನೆಟ್ ಅನ್ನೂದು ಆರ್ಕೆಸ್ಟ್ರಾದ ಮೂಲ್ಯಾಗ ಕುಂತಿದ್ದ ವಾದ್ಯ, ಅದನ್ನ ಎಳಕೊಂಡು ಬಂದು ಜಾಝ್‌ನ ನಡುವ ನಿಲ್ಲಿಸಿದಾಂವ. 1964ರಾಗ ‘ಔಟ್ ಟು ಲಂಚ್’ ಮಾಡಿ, ಅದೇ ವರ್ಷ ಬರ್ಲಿನ್ನಾಗ ಸಕ್ಕರಿ ಕಾಯಿಲೆಯಿಂದ ಹೋಗಿಬಿಟ್ಟ. ವಯಸ್ಸು 36.

ಎಲ್‌ಪಿಪ್ರಿಯ (ಮೈಸೂರು)

@ಹುಬ್ಬಳ್ಳಿಕಿವಿ, ಡಾಲ್ಫಿ ವಿಷಯದಲ್ಲಿ ನಿಮ್ಮ ಮಾತಿಗೆ ನೂರಕ್ಕೆ ನೂರು. ಆದರೆ ಬಹುವಾದ್ಯದವರೆಲ್ಲ ಒಂದೇ ಜಾತಿ ಅಲ್ಲ ಸರ್.

ರಹಸಾನ್ ರೋಲ್ಯಾಂಡ್ ಕರ್ಕ್ ನೋಡಿ. ಎಳೆಯ ವಯಸ್ಸಲ್ಲೇ ಕಣ್ಣು ಹೋಗಿತ್ತು. ಕೊರಳಲ್ಲಿ ಟೆನರ್, ಮ್ಯಾಂಜೆಲೊ, ಸ್ಟ್ರಿಚ್ ಅಂತ ಮೂರು ಸ್ಯಾಕ್ಸೋಫೋನ್ ತೂಗುಹಾಕಿಕೊಂಡು ಮೂರನ್ನೂ ಒಟ್ಟಿಗೆ ಬಾಯಿಗಿಟ್ಟು ಒಬ್ಬನೇ ಒಂದು ಹಾರ್ನ್ ಸೆಕ್ಷನ್ ಆಗುತ್ತಿದ್ದ. ಮೂಗಿನಿಂದ ಊದುವ ಕೊಳಲು ಬೇರೆ. ಫೋಟೋ ನೋಡಿದರೆ ಸರ್ಕಸ್ ಅನ್ನಿಸುತ್ತದೆ, ಕಣ್ಣು ಮುಚ್ಚಿ ಕೇಳಿದರೆ ಅನ್ನಿಸುವುದಿಲ್ಲ. 1975ರಲ್ಲಿ ಪಾರ್ಶ್ವವಾಯು ಹೊಡೆದು ಒಂದು ಕೈ ಬಿದ್ದಮೇಲೂ ಉಳಿದ ಒಂದೇ ಕೈಯಲ್ಲಿ ಟೆನರ್ ನುಡಿಸಿದ, 1977ರಲ್ಲಿ ಸಾಯುವವರೆಗೆ.

ಯೂಸೆಫ್ ಲತೀಫ್ ಇನ್ನೊಂದು ಬಗೆ. ಟೆನರ್, ಕೊಳಲು, ಓಬೋ, ಶಹನಾಯಿ, ಬಿದಿರಿನ ಕೊಳಲುಗಳು. ಆತ ಒಂದೊಂದು ನಾಡಿನ ವಾದ್ಯವನ್ನೂ ತನ್ನ ಬ್ಲೂಸ್‌ಗೆ ಕರೆಸಿಕೊಂಡ. 1961ರ ‘ಈಸ್ಟರ್ನ್ ಸೌಂಡ್ಸ್’ ಕೇಳಿ.

ಕರ್ಕ್ ಎಲ್ಲವನ್ನೂ ಒಟ್ಟಿಗೆ ಮೈಮೇಲೆ ಹಾಕಿಕೊಂಡ, ಲತೀಫ್ ವಾದ್ಯಗಳನ್ನು ಮನೆಗೆ ತಂದ. ಮರಿಯಾನೊ ತಾನೇ ವಾದ್ಯದ ಮನೆಗೆ ಹೋಗಿ ಅಲ್ಲಿ ನೆಲದ ಮೇಲೆ ಕೂತರು. ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಇನ್ನೊಂದು. ಆಲ್ಟೊದಲ್ಲೇ ಮರಿಯಾನೊ ಯಾವ ಮಟ್ಟದವರು ಅನ್ನುವುದಕ್ಕೆ ಎರಡು ಸಾಕ್ಷಿ ಕೊಡುತ್ತೇನೆ. ಒಂದು, 1955ರ ಕೆಂಟನ್ ಆಲ್ಬಂ ‘ಕಾಂಟೆಂಪರರಿ ಕಾನ್ಸೆಪ್ಟ್ಸ್’ನಲ್ಲಿ ‘ಸ್ಟೆಲ್ಲಾ ಬೈ ಸ್ಟಾರ್‌ಲೈಟ್’. ಬಿಲ್ ಹೋಲ್ಮನ್ ಅವರ ಅರೇಂಜ್‌ಮೆಂಟ್. ಇಡೀ ಬ್ಯಾಂಡು ಇವರೊಬ್ಬರಿಗೆ ದಾರಿ ಬಿಟ್ಟು ಹಿಂದೆ ನಿಲ್ಲುತ್ತದೆ. ಎರಡನೆಯದು ಬಾಸ್ ವಾದಕ, ಸಂಯೋಜಕ ಚಾರ್ಲ್ಸ್ ಮಿಂಗಸ್ ಅವರ ‘ದಿ ಬ್ಲ್ಯಾಕ್ ಸೇಂಟ್ ಅಂಡ್ ದಿ ಸಿನ್ನರ್ ಲೇಡಿ’, ನ್ಯೂಯಾರ್ಕ್, 1963ರ ಜನವರಿ 20. ಹನ್ನೊಂದು ಜನರ ತಂಡ. ಮೂಲ ಮುದ್ರಣ ಮುಗಿದ ಮೇಲೆ ಮಿಂಗಸ್ ಮತ್ತೆ ಮರಿಯಾನೊ ಅವರನ್ನು ಕೂರಿಸಿ ಆಲ್ಟೊವನ್ನು ಟೇಪಿನ ಮೇಲೆ ಸೇರಿಸಿದರು. ಎಲ್‌ಪಿಯ ಎರಡನೇ ಬದಿ ಹಾಕಿ. ಜೇ ಬರ್ಲಿನರ್ ಗಿಟಾರ್ ಸ್ಪೇನಿನ ಕಡೆ ಎಳೆಯುತ್ತದೆ, ಟ್ಯೂಬಾ ಟ್ರಾಂಬೋನ್‌ಗಳು ಕೆಳಗೆ ಗುಡುಗುತ್ತವೆ, ಅವುಗಳ ಮೇಲೆ ಒಂದು ಆಲ್ಟೊ ಅಳುತ್ತಾ ಬೇಡುತ್ತಾ ಬರುತ್ತದೆ. ಒಂದು ಸ್ವರವನ್ನು ಹಿಡಿದು, ಬಗ್ಗಿಸಿ, ಬಿಡದೆ, ಉಸಿರು ತೀರುವ ತನಕ ಎಳೆಯುತ್ತದೆ. ಆಗಿನ್ನೂ ಅವರು ನಾಗಸ್ವರ ಮುಟ್ಟಿಯೇ ಇರಲಿಲ್ಲ ಎಂಬುದು ಗಮನದಲ್ಲಿರಲಿ. ನಾಗಸ್ವರ ಕೇಳಿ ಇವರು ಬದಲಾದರು ಅಂತ ಎಲ್ಲರೂ ಬರೆಯುತ್ತಾರೆ. ತನ್ನೊಳಗೆ ಮೊದಲೇ ಇದ್ದದ್ದನ್ನು ಆ ವಾದ್ಯದಲ್ಲಿ ಕೇಳಿದರು ಅಂತ ನನ್ನ ಅನಿಸಿಕೆ.

ಓಲಗದಮನೆ (ಮಂಡ್ಯ)

ನಮ್ಮದು ಓಲಗ ಊದೋ ಮನೆತನ. ನಾನು ಊದೋದು ಬಿಟ್ಟು ಕೆಲಸಕ್ಕೆ ಸೇರಿ ಬಹಳ ಕಾಲ ಆಯ್ತು, ಆದ್ರೂ ಅಪ್ಪ, ದೊಡ್ಡಪ್ಪ ಎಲ್ಲಾ ಅದೇ. ಜಾಝ್ ನನಗೆ ಅಷ್ಟಕ್ಕಷ್ಟೆ. ನಾಗಸ್ವರದ ಕಡೆಯಿಂದ ಎರಡು ಮಾತು ಹೇಳ್ತೀನಿ.

ಸ್ಯಾಕ್ಸೋಫೋನ್‌ನಲ್ಲಿ ಒಂದೇ ಜೊಂಡಿನ ಪಟ್ಟಿ, ಬಾಯಿಗೂಡಿಗೆ ಬಿಗಿದಿರ್ತದೆ. ತೂತುಗಳ ಮೇಲೆ ಕೀಲಿ, ಒತ್ತಿದ್ರೆ ಮುಚ್ತದೆ, ಬಿಟ್ರೆ ತೆರೀತದೆ. ನಾಗಸ್ವರದಲ್ಲಿ ಜೋಡಿ ಸೀವಾಳಿ, ಅಂದ್ರೆ ಎರಡು ಪದರದ ಜೊಂಡು, ತುಟಿ ಮಧ್ಯೆ ನೇರವಾಗಿ. ಬೆರಳಿಗೆ ಸಿಗೋ ತೂತು ಏಳೇ ಏಳು, ಕೀಲಿ ಗೀಲಿ ಏನೂ ಇಲ್ಲ. ಹನ್ನೆರಡು ಸ್ವರಸ್ಥಾನನೂ ಆ ಏಳರಲ್ಲೇ ಹುಟ್ಟಬೇಕು. ಅರ್ಧ ಬೆರಳು, ತುಟಿ ಬಿಗಿ, ಉಸಿರಿನ ಒತ್ತಡ, ಇವು ಮೂರೂ ಸೇರಿದ್ರೆ ಸ್ವರ, ಇಲ್ದಿದ್ರೆ ಕಿರುಚಾಟ. ಕೆಳಗಡೆ ಬೆರಳು ಮುಟ್ಟದ ತೂತುಗಳೂ ಇರ್ತವೆ, ಅದಕ್ಕೆ ಮೇಣ ಮೆತ್ತಿ ಶ್ರುತಿ ಸರಿಮಾಡ್ಕೋತಾರೆ. ವಾದ್ಯದ ಪಕ್ಕ ದಾರದಲ್ಲಿ ನೇತಾಡ್ತಿರ್ತದಲ್ಲ ಸೀವಾಳಿಗಳ ಗೊಂಚಲು, ಅದು ಅಲಂಕಾರಕ್ಕಲ್ಲ. ಕಚೇರಿ ಮಧ್ಯ ಒಂದು ಕೈಕೊಟ್ರೆ ಇನ್ನೊಂದು ಬೇಕು. ಒಂದೊಂದು ಸೀವಾಳಿಗೂ ಒಂದೊಂದು ಬುದ್ಧಿ.

ಸ್ಯಾಕ್ಸೋಫೋನ್ ಊದಿ ಪಳಗಿದ ತುಟಿಗೆ ಇದು ಮೊದಲು ಹಿಂಸೆನೇ. ನಲವತ್ತು ದಾಟಿದೋರು, ತಮ್ಮ ವಾದ್ಯದಲ್ಲಿ ಹೆಸರು ಮಾಡಿದೋರು, ಮತ್ತೆ ‘ಪೀ ಪೀ’ ಅಂತ ಶುರುಮಾಡೋಕೆ ಒಪ್ಪಿದ್ರಲ್ಲ, ಅದಕ್ಕೆ ನಾನು ಕೈ ಮುಗೀತೀನಿ.

ಇನ್ನು ಪ್ರಶ್ನೆಗೆ ಬಂದ್ರೆ, ಉತ್ತರ ಸುಲಭ ಅಲ್ವಾ? ನಾಗಸ್ವರಕ್ಕೆ ಜೋಡಿ ಡೋಲು. ಮೃದಂಗ, ಘಟ, ಖಂಜಿರ ಅಲ್ಲ. ಗುಡಿ ಮುಂದೆ, ತೇರಿನ ಮುಂದೆ ಬಯಲಲ್ಲಿ ಊರಿಗೇ ಕೇಳಿಸೋ ವಾದ್ಯ ಅದು. ಘಟದ ಪಕ್ಕ ಕೂತು ಊದಿದ್ರೆ ಪಾಪ ಘಟ ಕೇಳಿಸ್ತದಾ, ಮೋರ್ಸಿಂಗ್ ಕೇಳಿಸ್ತದಾ? ಶ್ರುತಿ ಬೇರೆ. ಹೆಂಗಸರ ಗಾಯನ ಐದು ಮನೆ ಆಸುಪಾಸಲ್ಲಿ, ಬಾರಿ ಅನ್ನೋ ಉದ್ದದ ನಾಗಸ್ವರ ಎರಡು, ಎರಡೂವರೆ. ರಮಾಮಣಿಯಮ್ಮನವರ ಗಂಟಲ ಪಕ್ಕ ಅದನ್ನ ಇಡೋದು ಹೇಗೆ? ಗೊತ್ತಿರೋರು ಯಾರೂ ಇಡಲ್ಲ. ಅವರಿಗೆ ಗೊತ್ತಿತ್ತು, ಇಡಲಿಲ್ಲ.

ತಂಬೂರಿತಂತಿ (ಬೆಂಗಳೂರು)

@ಓಲಗದಮನೆ ಅಣ್ಣ, ನನ್ನ ಊಹೆ ಹೆಚ್ಚುಕಡಿಮೆ ಇದೇ, ಆದರೆ ಡೋಲಿನ ಜೋಡಿ ನನಗೆ ಹೊಳೆದಿರಲಿಲ್ಲ. ‘ಜ್ಯೋತಿ’ಯಲ್ಲಿರುವುದು ಪೂರ್ತಿ ಕಚೇರಿ ಮೇಳ. ಮೊದಲ ಟ್ರ್ಯಾಕಿನ ಹೆಸರೇ ‘ವಾಯ್ಸ್ ಸೋಲೊ’. ಆಲ್ಬಂ ಆರಂಭವಾಗುವುದು ರಮಾಮಣಿಯವರ ಕಂಠದಿಂದ. ಆಮೇಲೆ ‘ವಂದನಂ’, ‘ವರ್ಷಿಣಿ’, ‘ಸಪ್ತರ್ಷಿ’, ‘ಕಾರ್ತಿಕ್’, ‘ಭಜನ್’. ಅಂತರರಾಷ್ಟ್ರೀಯ ಹೆಸರಿರುವ ಅಮೆರಿಕನ್ ವಾದಕ, ತನ್ನ ಹೆಸರು ಮೊದಲು ಅಚ್ಚಾದ ಆಲ್ಬಂನಲ್ಲಿ ಮೊದಲ ಮಾತನ್ನು ಗಾಯಕಿಗೆ ಬಿಟ್ಟುಕೊಡುತ್ತಾರೆ. ಆ ಕಾಲದ ಎಷ್ಟು ಫ್ಯೂಷನ್ ರೆಕಾರ್ಡುಗಳಲ್ಲಿ ಹೀಗಿದೆ ಹೇಳಿ? ಹೆಚ್ಚಿನವುಗಳಲ್ಲಿ ನಮ್ಮವರು ಹಿಂದೆ ತಂಬೂರಿ ಮೀಟುತ್ತಾ, ತಬಲಾ ಬಾರಿಸುತ್ತಾ ಅಗರಬತ್ತಿ ವಾಸನೆ ಒದಗಿಸಲು ಇರುತ್ತಿದ್ದರು.

@ಹುಬ್ಬಳ್ಳಿಕಿವಿ ಸರ್, ತಪ್ಪು ಹಿಡಿಯುತ್ತಾರೆಂಬ ಭಯ ಇದ್ದವರು ಮಣಿ, ರಾಜಗೋಪಾಲ್, ಶಶಿಕುಮಾರ್ ಮುಂದೆ ಲೆಕ್ಕಾಚಾರದ ತಾಳದಲ್ಲಿ ಸ್ಯಾಕ್ಸೋಫೋನ್ ಹಿಡಿದು ನಿಲ್ಲುತ್ತಾರಾ? ಅಲ್ಲಿ ತಪ್ಪಿದರೆ ನಾಗಸ್ವರಕ್ಕಿಂತ ಬೇಗ ಸಿಕ್ಕಿಬೀಳುತ್ತಾರೆ. ಕೊನ್ನಕ್ಕೋಲ್ ಬೇರೆ ಇದೆ, ಬಾಯಲ್ಲೇ ಸೊಲ್ಲು ಒಪ್ಪಿಸುತ್ತಿರುತ್ತಾರೆ. ಮುಕ್ತಾಯ ಎಲ್ಲಿ ಬಂತು ಎಂದು ಕಾಯುತ್ತಾ ನಿಲ್ಲುವ ಅತಿಥಿಯ ಹಾಗೆ ಮರಿಯಾನೊ ಒಮ್ಮೆಯೂ ಕೇಳಿಸುವುದಿಲ್ಲ.

ಕರಾವಳಿಕಾರ (ಮಂಗಳೂರು)

ಇಷ್ಟು ಹೊತ್ತಾಯ್ತು, ಯಾರೂ ಕದ್ರಿ ಗೋಪಾಲನಾಥರ ಹೆಸರೇ ಎತ್ತಲಿಲ್ಲವಲ್ಲ ಮಾರಾಯ್ರೆ! ನಾನೇ ಎತ್ತುತ್ತೇನೆ.

ನೋಡಿ, ಬಂಟ್ವಾಳ ತಾಲೂಕಿನ ಸಜಿಪಮೂಡದ ಹುಡುಗ. ಹುಟ್ಟಿದ್ದು 1949ರಲ್ಲಿ. ತಂದೆ ತನಿಯಪ್ಪನವರು ನಾಗಸ್ವರ ವಿದ್ವಾಂಸರು. ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿದ್ದೇ, ಇದೇ ಬೇಕು ಅಂತ ಹಟ ಹಿಡಿದರು. ನಾಗಸ್ವರದ ಮನೆಯಿಂದ ಸ್ಯಾಕ್ಸೋಫೋನ್‌ಗೆ ಹೋದವರು ಇವರು. ಅಲ್ಲಿ ಬಾಸ್ಟನ್ನಿನ ಮನುಷ್ಯ ಸ್ಯಾಕ್ಸೋಫೋನ್‌ನಿಂದ ನಾಗಸ್ವರಕ್ಕೆ. ಇಬ್ಬರೂ ದಾರಿಯಲ್ಲಿ ಎದುರುಬದುರು ಸಿಕ್ಕಿದ ಹಾಗೆ ಉಂಟು. ಅವರಿಗೆ ಏಳು ತೂತಿನಲ್ಲಿ ಹನ್ನೆರಡು ಸ್ವರ ಹುಡುಕುವ ಕಷ್ಟ, ಇವರಿಗೆ ಕೀಲಿಯ ಮೇಲೆ ಗಮಕ ತರುವ ಕಷ್ಟ. ಒತ್ತಿದರೆ ಮುಚ್ಚುವ, ಬಿಟ್ಟರೆ ತೆರೆಯುವ ಕೀಲಿಯಲ್ಲಿ ತೋಡಿ ರಾಗದ ಗಾಂಧಾರ ಎಲ್ಲಿಂದ ಬರಬೇಕು? ವಾದ್ಯದಲ್ಲಿಯೇ ಬೇಕಾದ ಮಾರ್ಪಾಡು ಮಾಡಿಸಿಕೊಂಡರು, ವರ್ಷಗಟ್ಟಲೆ ಸಾಧನೆ ಮಾಡಿದರು, ಚೆನ್ನೈಯಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರ ಬಳಿ ಪಾಠ. 1980ರಲ್ಲಿ ಬೊಂಬಾಯಿ ಜಾಝ್ ಉತ್ಸವದಲ್ಲಿ ಕ್ಯಾಲಿಫೋರ್ನಿಯಾದ ಜಾನ್ ಹ್ಯಾಂಡಿ ಇವರ ವಾದನ ಕೇಳಿ ವೇದಿಕೆಗೆ ಬಂದು ಜೊತೆಗೆ ನುಡಿಸಿದರು. ಆಮೇಲೆ ಹಿಂದಿರುಗಿ ನೋಡಿದ್ದಿಲ್ಲ. 2019ರಲ್ಲಿ ತೀರಿಕೊಂಡರು.

ಈಗ ನಮ್ಮ ಊರಲ್ಲಿ ದೇವಸ್ಥಾನದ ಜಾತ್ರೆಗೂ ಸ್ಯಾಕ್ಸೋಫೋನ್, ಮದುವೆಗೂ ಸ್ಯಾಕ್ಸೋಫೋನ್, ಕೋಲಕ್ಕೂ ಸ್ಯಾಕ್ಸೋಫೋನ್. ವಿದೇಶಿ ವಾದ್ಯ ಅಂತ ಯಾರಿಗೂ ನೆನಪೇ ಇಲ್ಲ. ಹಾಗಾಗಿ ಹುಬ್ಬಳ್ಳಿಯವರಿಗೆ ಒಂದು ಪ್ರಶ್ನೆ. ಗೋಪಾಲನಾಥರು ಸ್ಯಾಕ್ಸೋಫೋನಿನಲ್ಲಿ ಕರ್ನಾಟಕ ಸಂಗೀತ ನುಡಿಸಿದ್ದು ವಿದ್ಯೆ ಅಂತಾದರೆ, ಮರಿಯಾನೊ ನಾಗಸ್ವರ ಹಿಡಿದದ್ದು ಎಂತ ಪಾಪ?

ಹುಬ್ಬಳ್ಳಿಕಿವಿ

ಪಾಪ ಅಂತ ಅನ್ಲಿಲ್ರೀ ನಾನು. ಗೋಪಾಲನಾಥರು ಪೂರ್ತಿ ಆಯುಷ್ಯಾನ ಒಂದು ವಾದ್ಯಕ್ಕ ಕೊಟ್ರು. ರಾಗ ಬಿಡಲಿಲ್ಲ, ಕಚೇರಿ ಪದ್ಧತಿ ಬಿಡಲಿಲ್ಲ. ವಾದ್ಯ ಅಷ್ಟ ಹೊರಗಿಂದು. ಮರಿಯಾನೊ ನಾಗಸ್ವರ ತಗೊಂಡ್ರು, ರಾಗ ಎಷ್ಟು ತಗೊಂಡ್ರು? ವೆಬರ್ ಸಾಹೇಬರ ಆ ಎಲೆಕ್ಟ್ರಿಕ್ ಬಾಸ್, ಕೀಬೋರ್ಡ್ ಮಂಜಿನೊಳಗ ನಾಗಸ್ವರದ ದನಿ ಐತಿ, ನಾಗಸ್ವರದ ಸಂಗೀತ ಇಲ್ಲ. ನನ್ನ ತಕರಾರು ಇಷ್ಟ.

ಎಲ್‌ಪಿಪ್ರಿಯ (ಮೈಸೂರು)

ಇದು ತೂಕದ ತಕರಾರು. ‘ಯೆಲ್ಲೊ ಫೀಲ್ಡ್ಸ್’ ನನಗೆ ಪ್ರಾಣ, ಆದರೂ ಒಪ್ಪುತ್ತೇನೆ: ಅಲ್ಲಿ ಬೇಕಾಗಿದ್ದದ್ದು ಆ ವಾದ್ಯದ ಬಣ್ಣ. ವೆಬರ್, ಕೀಬೋರ್ಡಿನ ಬ್ರ್ಯೂನಿಂಗ್‌ಹೌಸ್, ಡ್ರಮ್ಸ್‌ನ ಯಾನ್ ಕ್ರಿಸ್ಟೆನ್ಸನ್ ಮೂವರೂ ನುಣುಪಾಗಿ ಹರಿಯುವವರು, ಆ ನುಣುಪಿಗೆ ಒಂದು ಒರಟು ದನಿ ಬೇಕಿತ್ತು. ಜೋಡಿ ಸೀವಾಳಿಯ ಕೊರೆಯುವ ದನಿ ಆ ಕೆಲಸ ಮಾಡುತ್ತದೆ.

ಅಷ್ಟರಮಟ್ಟಿಗೆ ‘ಜ್ಯೋತಿ’ ಅದಕ್ಕೆ ಉತ್ತರ ಅನ್ನಬಹುದೇನೊ. 1975ರಲ್ಲಿ ಆ ವಾದ್ಯ ತಂದರು, ಸಂಗೀತವನ್ನು ಅಲ್ಲೇ ಬಿಟ್ಟರು. 1983ರಲ್ಲಿ ಸಂಗೀತ ತಂದರು, ವಾದ್ಯವನ್ನು ಬಿಟ್ಟರು.

ತಂಬೂರಿತಂತಿ (ಬೆಂಗಳೂರು)

ಹೌದು! ನಾನು ಹೇಳಬೇಕೆಂದು ತಡಕಾಡುತ್ತಿದ್ದದ್ದು ಇದನ್ನೇ. ಇವರ ಬಗ್ಗೆ ಬರುವ ಲೇಖನಗಳಲ್ಲಿ ‘ಇಷ್ಟು ವಾದ್ಯ ನುಡಿಸಬಲ್ಲವರು’ ಎಂಬ ಪಟ್ಟಿ ಬರುತ್ತದೆ, ಯಾವುದನ್ನು ಎಲ್ಲಿ ಕೆಳಗಿಟ್ಟರು ಎಂಬುದನ್ನು ಯಾರೂ ಬರೆಯುವುದಿಲ್ಲ. ನಾಗಸ್ವರದ ಹಿಂದೆ ಬಿದ್ದು ಕಲಿತದ್ದು ಆಲ್ಟೊಗೆ ಬಂತು. ‘ಜ್ಯೋತಿ’ಯಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವಾಗ ಕೀಲಿಯ ಸದ್ದು ಸತ್ತೇಹೋಗುತ್ತದೆ, ಉಸಿರು ಮಾತ್ರ ಉಳಿಯುತ್ತದೆ. 1955ರ ‘ಸ್ಟೆಲ್ಲಾ’ ಕೇಳಿದ ತಕ್ಷಣ ‘ಜ್ಯೋತಿ’ ಹಾಕಿ ನೋಡಿ. ಮೊದಲನೆಯದರಲ್ಲಿ ಪಾರ್ಕರ್ ಶಾಲೆಯ ಚುರುಕು ಬೆರಳು. ಎರಡನೆಯದರಲ್ಲಿ ಆತುರವೇ ಇಲ್ಲ. ಹತ್ತು ಸ್ವರ ಹಾಕಬಹುದಾದ ಜಾಗದಲ್ಲಿ ಎರಡು ಹಾಕಿ, ಎರಡನೆಯದನ್ನು ಗಾಯಕಿಗೆ ಒಪ್ಪಿಸುತ್ತಾರೆ.

ಹೊಸಕೇಳುಗಿ (ತುಮಕೂರು)

ನಾನು ಜಾಝ್ ಈಗಷ್ಟೇ ಕೇಳೋಕೆ ಶುರು ಮಾಡಿದ್ದು. ಇವರ ಹೆಸರು ನನಗೆ ಬೇರೆ ಕಡೆಯಿಂದ ಗೊತ್ತು. ಜಪಾನಿನ ಗಾಯಕಿ ಮಂಡೇ ಮಿಚಿರು ಇವರ ಮಗಳಾ?

ಎಲ್‌ಪಿಪ್ರಿಯ (ಮೈಸೂರು)

ಹೌದಮ್ಮ, ತೊಶಿಕೊ ಅಕಿಯೋಶಿ ಮತ್ತು ಮರಿಯಾನೊ ಅವರ ಮಗಳು. 1963ರಲ್ಲಿ ಟೋಕಿಯೊದಲ್ಲಿ ಹುಟ್ಟಿದ್ದು. ಅಪ್ಪ ಅಮ್ಮ ಆಮೇಲೆ ಬೇರೆಯಾದರು. ತೊಶಿಕೊ ಅವರ ಬಿಗ್ ಬ್ಯಾಂಡ್ ಅದೇ ಒಂದು ಪ್ರತ್ಯೇಕ ಅಧ್ಯಾಯ, ಜಪಾನಿನ ನೋಹ್ ನಾಟಕದ ಸದ್ದುಗಳನ್ನು ಜಾಝ್ ಬ್ಯಾಂಡಿಗೆ ತಂದವರು. ಒಂದೇ ಮನೆಯಲ್ಲಿದ್ದ ಇಬ್ಬರೂ ಬೇರೆ ಬೇರೆ ದಾರಿಯಲ್ಲಿ ಏಷ್ಯಾದ ಕಡೆ ತಿರುಗಿದ್ದು ಸೋಜಿಗ.

ಶ್ಟುಟ್‌ಗಾರ್ಟ್‌ಕನ್ನಡಿಗ

ತಡವಾಗಿ ನೋಡಿದೆ. ಲುಡ್ವಿಗ್ಸ್‌ಬರ್ಗ್ ನಮ್ಮ ಶ್ಟುಟ್‌ಗಾರ್ಟ್‌ಗೆ ಅಂಟಿಕೊಂಡೇ ಇದೆ, ಲೋಕಲ್ ರೈಲಿನಲ್ಲಿ ಹೋಗಿಬರಬಹುದು. ‘ಜ್ಯೋತಿ’ ಕೂಡ ಅದೇ ಬವರ್ ಸ್ಟುಡಿಯೋದಲ್ಲಿ ಆಗಿದ್ದು, 1983ರ ಫೆಬ್ರವರಿಯಲ್ಲಿ. ಇಲ್ಲಿಯ ಫೆಬ್ರವರಿ ಅಂದರೆ ಹೊರಗೆ ಸೊನ್ನೆಯ ಆಸುಪಾಸು, ಒಳಗೆ ಹೀಟರಿನ ಒಣ ಗಾಳಿ. ಘಟ, ಮೃದಂಗ, ಖಂಜಿರ ತಂದವರಿಗೆ ಶ್ರುತಿ ಹಿಡಿಸುವುದೇ ಒಂದು ಸಾಹಸ ಆಗಿರಬೇಕು. ಖಂಜಿರ ನುಡಿಸುವವರಿಗೆ ಗೊತ್ತು, ಚರ್ಮಕ್ಕೆ ನೀರು ಹಚ್ಚಿದಷ್ಟೂ ಒಣಗುತ್ತದೆ.

ನೀವು ಯಾರೂ ಹೇಳದ ಒಂದು ವಿಷಯ. ಜರ್ಮನಿಯಲ್ಲಿ ಮರಿಯಾನೊ ಅಂದರೆ ಭಾರತೀಯ ಸಂಗೀತದ ವ್ಯಕ್ತಿ ಅಲ್ಲವೇ ಅಲ್ಲ. ಇಲ್ಲಿ ಹಳಬರನ್ನು ಕೇಳಿದರೆ ಮೊದಲು ಹೇಳುವುದು ಯುನೈಟೆಡ್ ಜಾಝ್ ಅಂಡ್ ರಾಕ್ ಆನ್‌ಸಾಂಬಲ್. 1975ರಲ್ಲಿ ವೋಲ್ಫ್‌ಗಾಂಗ್ ಡೌನರ್ ಕಟ್ಟಿದ ತಂಡ, ದಶಕಗಳ ಕಾಲ ನಡೆಯಿತು. ಇನ್ನೊಂದು ಗುಂಪು ‘ಪೋರ್ಕ್ ಪೈ’ ನೆನೆಸಿಕೊಳ್ಳುತ್ತದೆ: ಯಾಸ್ಪರ್ ಫಾನ್ಟ್ ಹೋಫ್ ಕೀಬೋರ್ಡ್, ಫಿಲಿಪ್ ಕ್ಯಾಥರೀನ್ ಗಿಟಾರ್. ಮ್ಯೂನಿಕ್‌ನ ಎಂಬ್ರಿಯೊ ಎಂಬ ರಾಕ್ ತಂಡದೊಡನೆಯೂ ಊದಿದ್ದಾರೆ, ಮತ್ತು ನೆನಪಿರಲಿ, ಎಂಬ್ರಿಯೊ ತಂಡವೂ ಬೆಂಗಳೂರಿನ ಇದೇ ಕಾಲೇಜಿನವರ ಜೊತೆ ನುಡಿಸಿದೆ. ಜರ್ಮನಿಗೂ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್‌ಗೂ ಇದ್ದ ನಂಟು ಮರಿಯಾನೊ ಒಬ್ಬರದೇ ಅಲ್ಲ. 1964ರಲ್ಲಿ ಶುರುವಾದ ಸಂಸ್ಥೆ, 80ರ ದಶಕದಲ್ಲಿ ಇಲ್ಲಿ ಅದರ ಹೆಸರು ತಿಳಿದ ಜಾಝ್ ಕೇಳುಗರು ಬೇಕಾದಷ್ಟಿದ್ದರು.

1990ರ ದಶಕದಲ್ಲಿ ಲೆಬನಾನ್ ಮೂಲದ, ಊದ್ ಎಂಬ ಅರಬ್ ತಂತಿವಾದ್ಯ ನುಡಿಸುವ ರಬೀ ಅಬು ಖಲೀಲ್ ಜೊತೆ ‘ಬ್ಲೂ ಕ್ಯಾಮೆಲ್’ (1992). ಅಲ್ಲೂ ಗಮನಿಸಿ, ಕೈಯಲ್ಲಿರುವುದು ಆಲ್ಟೊ. ಅರಬ್ ಮಖಾಮ್ (ನಮ್ಮ ರಾಗದ ಹಾಗೆ) ನುಡಿಸಲು ಇನ್ನೊಂದು ಹೊಸ ವಾದ್ಯ ಹುಡುಕಿಕೊಂಡು ಹೋಗಲಿಲ್ಲ. ನಿಮ್ಮ ವಾದಕ್ಕೆ ಇದೂ ಒಂದು ಪುರಾವೆ.

ಕೊಲೋನ್ ನಗರದಲ್ಲಿ ನೆಲೆಸಿದ್ದರು, ಕ್ಯಾನ್ಸರ್ ಜೊತೆ ವರ್ಷಗಟ್ಟಲೆ ಗುದ್ದಾಡುತ್ತಲೇ ಕಾರ್ಯಕ್ರಮ ಕೊಟ್ಟರು, 2009ರ ಜೂನ್ 16ರಂದು ಅಲ್ಲೇ ತೀರಿಕೊಂಡರು. 85 ವರ್ಷ.

ಕರಾವಳಿಕಾರ (ಮಂಗಳೂರು)

ಒಳ್ಳೆ ಮಾಹಿತಿ ಕೊಟ್ರಿ. ಈ ಸಾಲಿಗೆ ಇನ್ನೊಬ್ಬರನ್ನು ಸೇರಿಸುತ್ತೇನೆ, ರುದ್ರೇಶ್ ಮಹಾಂತಪ್ಪ. ಇಟಲಿಯ ಟ್ರಿಯೆಸ್ಟೆಯಲ್ಲಿ ಹುಟ್ಟಿ, ಅಮೆರಿಕದ ಕೊಲರಾಡೊದಲ್ಲಿ ಬೆಳೆದ ಆಲ್ಟೊ ವಾದಕ. ಒಂದೇ ವಾದ್ಯ, ಬಹುವಾದ್ಯ ಅಲ್ಲ. ಅವರ ‘ಮದರ್ ಟಂಗ್’ (2004) ಆಲ್ಬಂನಲ್ಲಿ ‘ಕನ್ನಡ’ ಅಂತಲೇ ಒಂದು ಟ್ರ್ಯಾಕ್ ಉಂಟು. ಮಾತಾಡುವ ದನಿಯ ಏರಿಳಿತದಿಂದ ರಾಗಸಂಚಾರ ಕಟ್ಟಿದ್ದು. 2008ರಲ್ಲಿ ‘ಕಿನ್ಸ್‌ಮೆನ್’ನಲ್ಲಿ ಗೋಪಾಲನಾಥರ ಜೊತೆ ನುಡಿಸಿದರು. ಎರಡು ಆಲ್ಟೊ, ಒಂದು ಕದ್ರಿಯದ್ದು, ಒಂದು ನ್ಯೂಯಾರ್ಕಿನದ್ದು. ಯಾವುದು ಯಾರದ್ದು ಅಂತ ಗುರುತಿಸಲಿಕ್ಕೆ ಎರಡೇ ನಿಮಿಷ ಸಾಕು, ಗೋಪಾಲನಾಥರದ್ದು ಗುಡಿಯ ಅಂಗಳದಲ್ಲಿ ನಿಂತೇ ಊದಿದ ಹಾಗೆ ಕೇಳ್ತದೆ.

ಮರಿಯಾನೊ ಮತ್ತು ಗೋಪಾಲನಾಥರು ಒಂದೇ ವೇದಿಕೆಯಲ್ಲಿ ಕೂತು, ಒಬ್ಬರು ನಾಗಸ್ವರ, ಒಬ್ಬರು ಸ್ಯಾಕ್ಸೋಫೋನ್ ಅದಲುಬದಲಾಗಿ ನುಡಿಸಿದ್ದರೆ ಹೇಗಿರುತ್ತಿತ್ತು ಅಂತ ನನ್ನ ತಲೆಯಲ್ಲಿ ಓಡ್ತಾ ಉಂಟು.

ಓಲಗದಮನೆ (ಮಂಡ್ಯ)

ನೀವೆಲ್ಲ ಹೇಳಿದ್ರಿ ಅಂತ ‘ಯೆಲ್ಲೊ ಫೀಲ್ಡ್ಸ್’, ‘ಜ್ಯೋತಿ’ ಎರಡನ್ನೂ ಕೇಳ್ದೆ. ಮೊದಲನೇದನ್ನ ಅಪ್ಪನಿಗೂ ಕೇಳಿಸಿದೆ, ಯಾರು ಊದಿದ್ದು ಅಂತ ಹೇಳದೆ. ಅವರು ಸ್ವಲ್ಪ ಹೊತ್ತು ಕೇಳಿ, ‘ಉಸಿರು ಗಟ್ಟಿ ಐತೆ, ತುಟಿ ಇನ್ನೂ ಪಳಗಬೇಕು, ಯಾರ ಶಿಷ್ಯ?’ ಅಂದ್ರು. ಬಿಳೀ ದೊರೆ ಅಂತ ಹೇಳಿದ್ಮೇಲೆ ಕೇಳಿದ್ದು ಒಂದೇ ಪ್ರಶ್ನೆ: ಡೋಲು ಯಾಕೆ ಇಲ್ಲ?

ನನಗನ್ನಿಸಿದ್ದು ಬೇರೆ. ಹುಬ್ಬಳ್ಳಿ ಸರ್ ಹೇಳಿದಂಗೆ ರಾಗದ ವಿಸ್ತಾರ ಅಲ್ಲಿಲ್ಲ, ನಿಜ. ಆದ್ರೆ ನಾಗಸ್ವರ ಊದೋರು ಒಂದು ಸ್ವರಕ್ಕೆ ಬಂದು ನಿಂತ್ಕೊಂಡು, ಅದನ್ನ ಒಳಗಿಂದ ಅಲುಗಿಸ್ತಾರಲ್ಲ, ಆ ನಿಲುಗಡೆ ಅವರಿಗೆ ಬಂದಿದೆ. ಅದನ್ನ ಹೇಳಿಕೊಡೋಕೆ ಆಗಲ್ಲ, ಗುರು ಪಕ್ಕ ಕೂತು ಕೇಳಿ ಕೇಳೀನೇ ಬರಬೇಕು. ‘ಜ್ಯೋತಿ’ಯಲ್ಲಿ ಸ್ಯಾಕ್ಸೋಫೋನ್‌ನಲ್ಲೂ ಅದೇ ನಿಲುಗಡೆ ಸಿಕ್ತು.

ಹುಬ್ಬಳ್ಳಿಕಿವಿ

‘ತುಟಿ ಪಳಗಬೇಕು’ ಅಂದ್ರಲ್ಲ ನಿಮ್ಮ ತಂದೆಯವರು, ನನ್ನ ವಾದಕ್ಕ ಅವರ ಒಂದು ಸಹಿ ಸಾಕು ಬಿಡ್ರಿ! ಗಂಭೀರವಾಗಿ ಹೇಳೂದಾದ್ರ ‘ಸಪ್ತರ್ಷಿ’ ಮತ್ತ ‘ಕಾರ್ತಿಕ್’ ಎರಡೆರಡು ಸಲ ಕೇಳಿದೆ. ರಮಾಮಣಿಯವರ ರಚನಾ, ಅವರ ದನಿ, ಏನು ಹಿಡಿತ ಅದಾವ! ಈ ಆಲ್ಬಂನ ಚರ್ಚಾದಾಗ ನಾವೆಲ್ಲಾ ಬಾಸ್ಟನ್ ಮನಷ್ಯಾನ ಬಗ್ಗೆನ ಮಾತಾಡಿದ್ವಿ, ಆಯಮ್ಮನ ಬಗ್ಗೆ ಒಂದು ಉದ್ದ ಪೋಸ್ಟ್ ಯಾರೂ ಹಾಕ್ಲಿಲ್ಲ. ಬೆಂಗಳೂರಿನವರು ನೀವು, @ತಂಬೂರಿತಂತಿ ಮೇಡಂ, ನೀವ ಬರೀರಿ.

ಮರಿಯಾನೊ ವಿಷಯದಾಗ ಇಷ್ಟು ಒಪ್ಪತೀನಿ: ಎಲ್ಲಿ ಸುಮ್ಮನಿರಬೇಕಂತ ತಿಳಿದಾಂವ. ಬಹುವಾದ್ಯದ ಪಟ್ಟ ಮಾತ್ರ ಡಾಲ್ಫಿಗೆ.

ತಂಬೂರಿತಂತಿ (ಬೆಂಗಳೂರು)

ಬರೆಯುತ್ತೇನೆ ಸರ್, ಬಾಕಿ ಇಟ್ಟುಕೊಳ್ಳಿ. ಕೊನ್ನಕ್ಕೋಲ್ ಮತ್ತು ರಮಾಮಣಿಯವರ ರಚನೆಗಳಿಗೆ ಬೇರೆ ಜಾಗವೇ ಬೇಕು.

ಹೊಸಕೇಳುಗಿ (ತುಮಕೂರು)

ಒಂದೇ ಒಂದು ಕೇಳ್ತೀನಿ, ಇಷ್ಟೊಂದರಲ್ಲಿ ಎಲ್ಲಿಂದ ಶುರು ಮಾಡಲಿ?

ಎಲ್‌ಪಿಪ್ರಿಯ (ಮೈಸೂರು)

ಮಿಂಗಸ್‌ನಿಂದ ಶುರು ಮಾಡಮ್ಮ, ಅದೂ ಮೊದಲನೇ ಬದಿಯಿಂದಲೇ, ತುಂಡು ತುಂಡಾಗಿ ಬೇಡ. ಆಮೇಲೆ ‘ಜ್ಯೋತಿ’. ನಡುವಿನ ಫಂಕಿ ರುಚಿಗೆ 1976ರ ‘ಹೆಲೆನ್ 12 ಟ್ರೀಸ್’, ಯಾನ್ ಹ್ಯಾಮರ್, ಜ್ಯಾಕ್ ಬ್ರೂಸ್ ಇದ್ದಾರೆ, ಅಡುಗೆ ಮಾಡುತ್ತಾ ಕೇಳಬಹುದು. ‘ಯೆಲ್ಲೊ ಫೀಲ್ಡ್ಸ್’ ಮಾತ್ರ ಹೆಡ್‌ಫೋನ್ ಹಾಕಿಕೊಂಡು.

ಹುಬ್ಬಳ್ಳಿಕಿವಿ

ಡಾಲ್ಫಿ ಹೆಸರಿಲೆ ಈಗ ಬ್ಯಾರೆ ಚರ್ಚಾ ಶುರು ಮಾಡೀನ್ರಿ. ಎಲ್ಲಾರೂ ಬರ್ರಿ ಜಗಳಕ್ಕ. ಮಂಡ್ಯದವರು ತಂದೆಯವರನ್ನೂ ಕರಕೊಂಡು ಬರ್ರಿ, ಬಾಸ್ ಕ್ಲಾರಿನೆಟ್ ಕೇಳಿಸೂದೈತಿ.